ಹಲಸಿನಕಾಯಿ ಹಾಗೆ ಬೀಳುತ್ತಿದ್ದ ವಿಮಾನದ ಸ್ಟಾಲ್ ಸರಿ ಮಾಡಿದ್ದು

ಸೋಮವಾರಪೇಟೆ ಕಡೆ ಜುಲೈ ಮಳೆ ಹಿಡಿದರೆ ನನ್ನ ಸ್ಪ್ರೇಯರ್ ರಿಪೇರಿ ಅಂಗಡಿಗೆ ಯಾರೂ ಬರುವುದಿಲ್ಲ. ಕರೆಂಟ್ ಇದ್ದಷ್ಟು ಹೊತ್ತು ನಾನು ಫ್ಲೈಟ್‌ಗಿಯರ್ ಅನ್ನುವ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಹಾಕಿಕೊಂಡು ಕೂತಿರುತ್ತೇನೆ. ಹೋದ ವರ್ಷ ಅದರಲ್ಲಿ ಸೆಸ್ನಾ 172ಪಿಯಂಥ ಒಂದು ವಿಮಾನವನ್ನು ಸ್ವಂತವಾಗಿ ಮಾಡಿದೆ. ಹಾರುವುದೇನೋ ಚೆನ್ನಾಗಿಯೇ ಹಾರುತ್ತಿತ್ತು. ದೊಡ್ಡಪ್ಪ ಬಂದು ಕೂತರು. ಅವರು ಹರೆಯದಲ್ಲಿ ಜಕ್ಕೂರಿನಲ್ಲಿ ಪುಷ್ಪಕ್ ಅನ್ನುವ ಸಣ್ಣ ವಿಮಾನ ಹಾರಿಸಲು ಕಲಿತವರು. ಥ್ರಾಟಲ್ ಎಳೆದು ಇಂಜಿನ್ ಶಕ್ತಿ ಇಳಿಸಿ, ಮೂತಿ ಎತ್ತಿ ಹಿಡಿದರು. ವಿಮಾನ ಒಂದು ಕ್ಷಣ ನಿಂತ ಹಾಗೆ ಮಾಡಿ ದೊಪ್ಪನೆ ಬಿತ್ತು.

"ಇದೆಂಥದೋ, ಹಲಸಿನಕಾಯಿ ಬಿದ್ದ ಹಾಗೆ ಬೀಳುತ್ತೆ! ಸ್ಟಾಲ್ ಅಂದ್ರೆ ಮೊದಲು ಹೇಳಿ ಆಮೇಲೆ ಬೀಳ್ಬೇಕು" ಅಂದರು.

ಸ್ಟಾಲ್ ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವುದು. ನಾನು ಮಾಡಿದ್ದ ತಪ್ಪು ಬಹಳ ಜನ ಮಾಡುವಂಥದ್ದೇ. ಇಂತಿಷ್ಟು ವೇಗದಲ್ಲಿ ಸ್ಟಾಲ್ ಆಗಬೇಕು ಅಂತ ವೇಗದ ಹಿಂದೆ ಬಿದ್ದಿದ್ದೆ. ಆದರೆ ಸ್ಟಾಲ್ ಆಗುವುದು ಕೋನದಿಂದ. ಎದುರಿನಿಂದ ಬರುವ ಗಾಳಿಗೆ ರೆಕ್ಕೆ ಎಷ್ಟು ಓರೆಯಾಗಿದೆ ಅನ್ನುವುದೇ ಲೆಕ್ಕ. ಅದು ಒಂದು ಮಿತಿ ದಾಟಿದರೆ ರೆಕ್ಕೆಯ ಮೇಲ್ಮೈಯಿಂದ ಗಾಳಿ ಕಿತ್ತುಕೊಂಡು ಹೋಗುತ್ತದೆ. ವೇಗ ಜಾಸ್ತಿ ಇದ್ದರೂ ಅಷ್ಟೇ.

ಆದ್ದರಿಂದ ಮೊದಲು ಕೋನ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಿ. ಡಿಬಗ್ ಮೆನುವಿನಲ್ಲಿ ಪ್ರಾಪರ್ಟಿಗಳ ಪಟ್ಟಿ ತೆರೆದು, ಓರಿಯೆಂಟೇಷನ್ ಒಳಗೆ ಆಲ್ಫಾ ಡಿಗ್ರಿ ಹುಡುಕಿ, ಆ ಕೋನ ಅದೇ. ಹಾರುವಾಗ ಅದು ಪಕ್ಕದಲ್ಲೇ ತೆರೆದಿರಲಿ. ಹವಾಮಾನದಲ್ಲಿ ಗಾಳಿ ಸೊನ್ನೆ ಮಾಡಿ. ಎತ್ತರವೂ ಬೇಕು. ನಾನು ನಮ್ಮ ಮನೆ ಮೇಲೆಯೇ ಪರೀಕ್ಷೆ ಮಾಡಲು ಹೋಗಿ 5,000 ಅಡಿಯಲ್ಲಿ ಪುಷ್ಪಗಿರಿಗೆ ಗುದ್ದಿದೆ. ಆ ಬೆಟ್ಟ 1,712 ಮೀಟರ್, ಅಂದರೆ 5,600 ಅಡಿಗೂ ಜಾಸ್ತಿ. ಈಗ ಮೈಸೂರಿನ ಮೇಲೆ 6,000 ಅಡಿಯಲ್ಲಿ ಮಾಡುತ್ತೇನೆ.

ನನ್ನ ವಿಮಾನ ಯಾಸಿಮ್ ಮಾದರಿಯದ್ದು, ಅಂದರೆ ಅದರ ಹಾರಾಟದ ಲೆಕ್ಕ ಹಾಕುವುದು ಸಿಮ್ಯುಲೇಟರಿನ ಯಾಸಿಮ್ ಅನ್ನುವ ಭಾಗ. ಅದರ ಫೈಲಿನಲ್ಲಿ ರೆಕ್ಕೆಯ ಭಾಗದೊಳಗೆ ಸ್ಟಾಲ್ ಅಂತ ಒಂದೇ ಒಂದು ಸಾಲು ಇದೆ. ಅದರಲ್ಲಿ ಮೂರು ಸಂಖ್ಯೆ: ಎಒಎ, ವಿಡ್ತ್, ಪೀಕ್. ಎಒಎ ಅಂದರೆ ಯಾವ ಕೋನದಲ್ಲಿ ರೆಕ್ಕೆ ಸೋಲುತ್ತದೆ ಅನ್ನುವುದು. ಇಂಥ ಸಣ್ಣ ವಿಮಾನಕ್ಕೆ ನಾನು 16 ಡಿಗ್ರಿ ಇಟ್ಟಿದ್ದೇನೆ. ಪೀಕ್ ಅಂದರೆ ಸೋತ ಮೇಲೆ ಎಷ್ಟು ಎತ್ತುಬಲ ಕಳೆದುಕೊಳ್ಳುತ್ತದೆ ಅನ್ನುವುದು. ಅದು 1.5 ಇದ್ದದ್ದು ಹಾಗೇ ಇದೆ.

ಹಲಸಿನಕಾಯಿ ಇದ್ದದ್ದು ವಿಡ್ತ್‌ನಲ್ಲಿ. ನಾನು 1 ಹಾಕಿದ್ದೆ. ಅಂದರೆ ಒಂದೇ ಡಿಗ್ರಿಯೊಳಗೆ ರೆಕ್ಕೆ ಪೂರ್ತಿ ಕೈಬಿಡುತ್ತದೆ. ಅದನ್ನು 5 ಮಾಡಿದ ಕೂಡಲೇ ಬೇರೆಯದೇ ವಿಮಾನ! 16 ದಾಟಿದಾಗ ಮೆತ್ತಗೆ ಕುಸಿಯಲು ಶುರುವಾಯಿತು, ಆಮೇಲೆ ಮೂತಿ ಇಳಿಯಿತು. ಜೊತೆಗೆ ರೆಕ್ಕೆಯ ಟ್ವಿಸ್ಟ್ ಮೈನಸ್ 3 ಮಾಡಿದೆ. ಆಗ ತುದಿಯ ಕೋನ ಬುಡಕ್ಕಿಂತ ಕಡಿಮೆ ಇರುತ್ತದೆ. ಬುಡ ಮೊದಲು ಸೋತರೂ ತುದಿಯಲ್ಲಿರುವ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲಿರಾನ್ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಇವೆರಡನ್ನೂ ಒಂದೇ ದಿನ ಬದಲಿಸಲಿಲ್ಲ. ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ಮೈಲುತುತ್ತ, ಸುಣ್ಣ ಎರಡನ್ನೂ ಒಟ್ಟಿಗೆ ಹೆಚ್ಚು ಕಡಿಮೆ ಮಾಡಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ, ಅಲ್ವಾ? ಒಂದು ಸಲಕ್ಕೆ ಒಂದು ಸಂಖ್ಯೆ. ಫೈಲ್ ಉಳಿಸಿ, ಸಿಮ್ಯುಲೇಟರ್ ಮುಚ್ಚಿ ತೆರೆದು, ಮತ್ತೆ ಹಾರಿಸಿ. ಮೂತಿ ಎತ್ತುವಾಗ ಅವಸರ ಬೇಡ. ಸೆಕೆಂಡಿಗೆ ಒಂದು ನಾಟ್‌ನಷ್ಟು ವೇಗ ಇಳಿಯಬೇಕು (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಜಗ್ಗಿ ಎಳೆದರೆ ಪ್ರತಿ ಸಲ ಬೇರೆ ಉತ್ತರ ಬರುತ್ತದೆ.

ಕೋನ ಸರಿಯಾದ ಮೇಲೆ ವೇಗದ ಕಡೆ ಬನ್ನಿ. ಇಲ್ಲಿ ನಾನು ಎರಡು ವಾರ ಸುಮ್ನೆ ಕಳೆದೆ. ನಿಜವಾದ 172ಪಿಯ ವೇಗದ ಮೀಟರಿನಲ್ಲಿ ಹಸಿರು ಪಟ್ಟಿ 44 ನಾಟ್‌ಗೆ ಶುರುವಾಗುತ್ತದೆ. ಅಂದರೆ ಫ್ಲಾಪ್ (ನಿಧಾನಕ್ಕೆ ಹಾರಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಇಳಿಸದೆ, ಪೂರ್ತಿ 1,089 ಕೆಜಿ ತೂಕದಲ್ಲಿ ಸ್ಟಾಲ್ ಆಗುವುದು ಅಲ್ಲಿ. ನನ್ನದು 50ಕ್ಕೇ ಬೀಳುತ್ತಿತ್ತು. ಕೊನೆಗೆ ಗೊತ್ತಾಯಿತು, ಮೂತಿ ಅಷ್ಟು ಎತ್ತಿದಾಗ ನಿಜವಾದ ವಿಮಾನದ ಮೀಟರೇ ಕಡಿಮೆ ತೋರಿಸುತ್ತದೆ ಅಂತ. ಆ ದೋಷ ಕಳೆದು ನೋಡಿದರೆ ವೇಗ 50ರ ಆಸುಪಾಸು. ನನ್ನ ಮಾದರಿಯ ಮೀಟರಿಗೆ ಆ ದೋಷವೇ ಇಲ್ಲ. ಅದು ಸರಿಯಾಗಿಯೇ ಬೀಳುತ್ತಿತ್ತು! ಹಾಗಾಗಿ ಪೈಲಟ್ ಕೈಪಿಡಿಯಲ್ಲಿ ಮೀಟರ್ ದೋಷ ತಿದ್ದಿದ ವೇಗದ ಕಾಲಂ ಯಾವುದು ಅಂತ ನೋಡಿ, ಅದಕ್ಕೆ ಹೊಂದಿಸಿ.

ತೂಕವನ್ನೂ ಬರೆದಿಟ್ಟುಕೊಳ್ಳಿ. ಸ್ಟಾಲ್ ವೇಗ ತೂಕದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ. 1,089 ಕೆಜಿಗೆ 50 ನಾಟ್ ಆದರೆ 900 ಕೆಜಿಗೆ ಸುಮಾರು 45. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಗೆ ಎರಡು ಪಟ್ಟು ಹೊರೆ, ಆಗ 70ಕ್ಕೇ ಸ್ಟಾಲ್. ಈ ತಿರುವು ನನ್ನ ಮೆಚ್ಚಿನ ಪರೀಕ್ಷೆ. ಎಚ್ಚರಿಕೆಯ ಹಾರ್ನನ್ನು ವೇಗಕ್ಕೆ ಕಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ, ಕೂಗುವುದೇ ಇಲ್ಲ. ಅದನ್ನು ಕೋನಕ್ಕೆ ಕಟ್ಟಿ. ಸ್ಟಾಲ್‌ಗಿಂತ ಮೂರು ನಾಲ್ಕು ಡಿಗ್ರಿ ಮೊದಲೇ ಕೂಗಲಿ.

ಎಷ್ಟು ಎಳೆದರೂ ಆಲ್ಫಾ 12 ದಾಟದೆ, ಮೂತಿ ಎತ್ತಿಕೊಂಡೇ ವಿಮಾನ ಇಳಿಯುತ್ತಿದ್ದರೆ ರೆಕ್ಕೆಯನ್ನು ಮುಟ್ಟಬೇಡಿ. ಮೂತಿ ಎತ್ತಿ ಇಳಿಸುವ ಬಾಲದ ಎಲಿವೇಟರಿಗೆ ಶಕ್ತಿ ಸಾಲದು, ಇಲ್ಲವೇ ತೂಕ ತೀರಾ ಮುಂದೆ ಇದೆ.

ದೊಡ್ಡಪ್ಪ ಇನ್ನೊಂದು ಕೇಳಿದರು: "ರೆಕ್ಕೆ ಒಂದು ಕಡೆಗೆ ಬೀಳೋದೇ ಇಲ್ಲವಲ್ಲೋ?" ಎರಡು ರೆಕ್ಕೆಯೂ ಕನ್ನಡಿಯ ಬಿಂಬದ ಹಾಗೆ ಒಂದೇ ಇದ್ದಾಗ, ಗಾಳಿಯೂ ಇಲ್ಲದಾಗ ಯಾಕೆ ಬೀಳಬೇಕು? ಅದಕ್ಕೆ ಅಂತ ಸಂಖ್ಯೆ ತಿರುಚಬೇಡಿ. ಸ್ಟಾಲ್ ಹತ್ತಿರ ಬಂದಾಗ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಸ್ವಲ್ಪ ಒತ್ತಿ, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಮೀಟರಿನ ಗುಂಡು ಪಕ್ಕಕ್ಕೆ ಸರಿಯಲಿ. ಎಡ ರಡ್ಡರ್ ಒತ್ತಿದಾಗ ನನ್ನದರ ಎಡ ರೆಕ್ಕೆ ಕುಸಿಯಿತು. ದೊಡ್ಡಪ್ಪನ ಬಲಗಾಲು ತಾನಾಗಿಯೇ ಮೇಜಿನ ಕೆಳಗೆ ನೆಲ ಒತ್ತಿತು. ನನ್ನ ಹತ್ತಿರ ರಡ್ಡರಿನ ಪೆಡಲ್ ಇಲ್ಲ.

ಫ್ಲಾಪ್ ಪೂರ್ತಿ ಇಳಿಸಿದಾಗಿನ ಸ್ಟಾಲ್ ಮಾತ್ರ ಇನ್ನೂ ಕೂತಿಲ್ಲ. ಯಾಸಿಮ್ ರೆಕ್ಕೆಯ ಒಟ್ಟು ಎತ್ತುಬಲವನ್ನು ನಾವು ಕೊಟ್ಟ ಅಪ್ರೋಚ್ (ಇಳಿಯಲು ಬರುವಾಗಿನ) ವೇಗ ಮತ್ತು ಕೋನದಿಂದ ಲೆಕ್ಕ ಹಾಕುತ್ತದೆ. ಆ ಅಪ್ರೋಚ್ ಇರುವುದು ಫ್ಲಾಪ್ ಇಳಿಸಿಯೇ. ಹಾಗಾಗಿ ಫ್ಲಾಪಿನ ಲಿಫ್ಟ್ ಏರಿಸಿದರೆ ಬರಿ ರೆಕ್ಕೆಯ ಪಾಲು ಕಡಿಮೆಯಾಗಿ, ಫ್ಲಾಪ್ ಇಲ್ಲದ ಸ್ಟಾಲ್ ವೇಗ ಮೇಲೆ ಹೋಗುತ್ತದೆ. ಅಪ್ರೋಚ್ ಕೋನವನ್ನು ಅರ್ಧರ್ಧ ಡಿಗ್ರಿ ಇಳಿಸುತ್ತಾ ಎರಡನ್ನೂ ಹೊಂದಿಸುತ್ತಿದ್ದೇನೆ. ನಿನ್ನೆಗೆ ಹನ್ನೊಂದನೇ ಸಲ.