ಗ್ಯಾಸ್ ತುಂಬಿಸುವ ಮೊದಲು ಸೋರಿಕೆ ಹುಡುಕಿ

ಏಪ್ರಿಲ್ ಬಂತೆಂದರೆ ಮುಂಬಯಿಯ ಗ್ಯಾರೇಜುಗಳಲ್ಲಿ ಕೇಳಿಬರುವುದು ಒಂದೇ ಮಾತು: ‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಿಬಿಡಿ.’ ಮೂರು ಬೇಸಿಗೆ ನಾನೂ ನನ್ನ ಕಾರಿನ ಎ.ಸಿ.ಗೆ ತುಂಬಿಸಿದೆ. ಮೂರು ಸಲವೂ ಚೌತಿಗೆ ಡೊಂಬಿವಲಿಯಿಂದ ಉಡುಪಿಗೆ ಹೊರಟಾಗ ಪನ್ವೇಲ್ ದಾಟುವಷ್ಟರಲ್ಲಿ ಎ.ಸಿ. ಬಿಸಿಗಾಳಿ ಊದತೊಡಗಿತು. ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಒಂದೇ ವರ್ಷದಲ್ಲಿ ತಂಪು ಹೋಯಿತು, ಅಳೆದರೆ ಗ್ಯಾಸೂ ಕಡಿಮೆ ಎಂದಾದರೆ ಅದು ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆ ಜಾಗವನ್ನು ಹುಡುಕುವ ಕೆಲಸ ಮನೆಯಲ್ಲೇ ಆಗುತ್ತದೆ.

ಕಾರಿನ ಅಡಿಯಲ್ಲಿ ತೊಟ್ಟಿಕ್ಕುವ ನೀರಿಗೆ ಹೆದರಬೇಡಿ, ಅದು ಗಾಳಿಯ ತೇವ. ಅದೇ ನೀರು ಒಳಗೆ ಕಾಲಿನ ಮ್ಯಾಟ್ ಮೇಲೆ ಬಂದರೆ ಹೊರಹೋಗುವ ರಬ್ಬರ್ ಕೊಳವೆ ಕಟ್ಟಿಕೊಂಡಿದೆ, ಸ್ವಚ್ಛಗೊಳಿಸಿದರೆ ಮುಗಿಯಿತು.

ಈಗ ಬಾನೆಟ್ ಎತ್ತಿ. ಅಲ್ಲಿ ಅಂಟಿಸಿದ ಚೀಟಿಯನ್ನು ಮೊದಲು ಓದಿ: ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅದರಲ್ಲಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಆರ್-134ಎ ಇರುತ್ತದೆ. ಆರ್-1234ವೈಎಫ್ ಎಂದಿದ್ದರೆ ಅದಕ್ಕೆ ಬೆಂಕಿ ಹಿಡಿಯುವ ಗುಣವಿದೆ, ಕೈ ಹಾಕಬೇಡಿ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳೂ ಮನೆಯ ಕೆಲಸಕ್ಕಲ್ಲ.

ಎಂಜಿನ್ ಆರಿಸಿ, ತಣಿದ ಮೇಲೆ ಟಾರ್ಚ್ ಹಿಡಿದು ಪ್ರತಿ ಸಂದನ್ನೂ ನೋಡಿ. ಗ್ಯಾಸಿನೊಂದಿಗೆ ಅದನ್ನು ಒತ್ತಿ ತಳ್ಳುವ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಗ್ಯಾಸ್ ಸೋರಿದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಳ್ಳುತ್ತದೆ. ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರಿಗೆ ಸೇರುವ ಕೊಳವೆಯ ನಟ್ ಸುತ್ತ ನನಗೆ ಕಂಡದ್ದು ಅಂಥದ್ದೇ ಕಪ್ಪು ಜಿಡ್ಡು. ರೇಡಿಯೇಟರಿನ ಮುಂದೆಯೇ ಇರುವ ಕಂಡೆನ್ಸರಿಗೆ ಘಾಟಿಯ ಕಲ್ಲೂ ಬಡಿಯುತ್ತದೆ, ಕಡಲ ಉಪ್ಪುಗಾಳಿಯೂ ತಾಗುತ್ತದೆ. ಅದನ್ನು ಇಂಚಿಂಚು ನೋಡಿ. ಗ್ಯಾಸ್ ತುಂಬುವ ವಾಲ್ವಿನ ಮುಚ್ಚಳವನ್ನೂ ಬಿಡಬೇಡಿ.

ಅನುಮಾನ ಬಂದಲ್ಲಿ ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ ಬ್ರಶ್ಶಿನಿಂದ ಹಚ್ಚಿ. ಎಂಜಿನ್ ನಿಂತ ಮೇಲೂ 30 ಡಿಗ್ರಿ ಸೆಖೆಯಲ್ಲಿ ಆರ್-134ಎಯ ಒತ್ತಡ ಸುಮಾರು 95 ಪಿ.ಎಸ್.ಐ. ಇರುತ್ತದೆ, ಪರೀಕ್ಷೆಗೆ ಅದು ಸಾಕು. ದೊಡ್ಡ ಸೋರಿಕೆಯಾದರೆ ಗುಳ್ಳೆ ತಟ್ಟನೆ ಉಬ್ಬುತ್ತದೆ. ಸಣ್ಣದಾದರೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಒಂದರ ಪಕ್ಕ ಒಂದು ಹುಟ್ಟಿ ಬಿಳಿ ನೊರೆಯಾಗುತ್ತವೆ. ಅವಸರ ಮಾಡದೆ ಐದು ನಿಮಿಷ ಕಾಯಿರಿ. ನನ್ನ ನಟ್ಟಿನ ಬುಡದಲ್ಲಿ ನೊರೆ ಎದ್ದದ್ದು ನಾಲ್ಕನೆಯ ನಿಮಿಷಕ್ಕೆ. ಎಲ್ಲೂ ಸಿಗದಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಕಾರಿನೊಳಗಿನ ಗಾಳಿಯನ್ನು ತಂಪಾಗಿಸುವ ಇವ್ಯಾಪರೇಟರ್ ಮೇಲೆ ಅನುಮಾನ. ಅದು ಗ್ಯಾರೇಜಿನ ಕೆಲಸ.

ಸೋರಿಕೆ ಸಿಕ್ಕಿತೆಂದು ನಟ್ ಬಿಚ್ಚಿಬಿಡಬೇಡಿ. ಈ ಗ್ಯಾಸ್ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ; ದ್ರವ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣೇ ಹೋಗಬಹುದು. ಭೂಮಿಯನ್ನು ಕಾಯಿಸುವ ಶಕ್ತಿಯಲ್ಲಿ ಇದರ ಒಂದು ಕಿಲೋ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥ ಅನಿಲಗಳನ್ನು ತಗ್ಗಿಸಲೆಂದೇ 2016ರಲ್ಲಿ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಬಂತು, 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆ ಎಳೆದುಕೊಳ್ಳುವ ಗ್ಯಾರೇಜನ್ನೇ ಹುಡುಕಿ. ನಾನು ಎರಡು ಕಡೆ ಇಲ್ಲವೆನಿಸಿಕೊಂಡು ಮೂರನೆಯ ಕಡೆ ಮಾಡಿಸಿದೆ. ಅಲೆದದ್ದು ಸಾರ್ಥಕ.

ಹೀಗೆ ಗ್ಯಾಸ್ ಖಾಲಿಯಾದ ಮೇಲೆ ಕಾರನ್ನು ಮನೆಗೆ ತಂದು ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಸೊಸೈಟಿಯ ನೆಲಮಾಳಿಗೆ ಬೇಡ, ಹತ್ತಿರ ಬೀಡಿ ಸಿಗರೇಟೂ ಬೇಡ. ಉಳಿದ ಗ್ಯಾಸ್ ಬೆಂಕಿಗೆ ತಾಗಿದರೆ ವಿಷವಾಗುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಎರಡು ಪಾನಾ ಬೇಕು: ಒಂದು ಕೊಳವೆಯನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಒಂದರಿಂದಲೇ ತಿರುಗಿಸಿದರೆ ಮೆದು ಅಲ್ಯೂಮಿನಿಯಂ ಕೊಳವೆ ತಿರುಚಿಕೊಂಡು ಹೊಸ ಸೋರಿಕೆಯಾಗುತ್ತದೆ. ಒಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ತೆಗೆಯಿರಿ. ನನ್ನದು ದುಂಡಗಿರಬೇಕಾದದ್ದು ಚಪ್ಪಟೆಯಾಗಿ, ಉಗುರು ಒತ್ತಿದರೆ ಸೀಳುವಷ್ಟು ಗಡುಸಾಗಿತ್ತು. ಅಂಗಡಿಗೆ ಹಳೆಯದನ್ನೇ ಒಯ್ದು ಅದೇ ಅಳತೆಯ, ಎ.ಸಿ.ಗೆಂದೇ ಬರುವ ರಿಂಗ್ ಕೇಳಿ. ನನಗೆ ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಸಿಕ್ಕಿತು. ನಲ್ಲಿಯ ವಾಷರ್ ನಡೆಯುವುದಿಲ್ಲ. ನಿಮ್ಮ ಕಾರಿಗೆ ಹೇಳಿದ ಕಂಪ್ರೆಸರ್ ಎಣ್ಣೆಯನ್ನು ರಿಂಗಿಗೆ ಸವರಿ ಕೂರಿಸಿ. ತೆರೆದ ಕೊಳವೆಯ ಬಾಯಿಯನ್ನು ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನಿಂದ ಬಿಗಿದಿಡಿ. ಮುಂಬಯಿಯ ತೇವದ ಗಾಳಿ ಒಳಹೊಕ್ಕರೆ ಆಮ್ಲ ಹುಟ್ಟಿ ಲೋಹವನ್ನು ತಿನ್ನುತ್ತದೆ. ತೇವ ಹೀರುವ ಡ್ರೈಯರ್ ಬಹಳ ಹೊತ್ತು ತೆರೆದಿದ್ದರೆ ಅದನ್ನೂ ಬದಲಿಸಿ.

ಸೋರಿಕೆ ಮುಚ್ಚುವ ದ್ರವದ ಡಬ್ಬಿ ಕೊಳ್ಳಬೇಡಿ. ಅದು ಗ್ಯಾಸ್ ಹಾಯುವ ಕಿರಿದಾದ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಗಟ್ಟಿಯಾದರೆ ನೂರಾರು ರೂಪಾಯಿಯ ಕೆಲಸ ಸಾವಿರಾರಕ್ಕೆ ಹೋಗುತ್ತದೆ.

ಮತ್ತೆ ಗ್ಯಾರೇಜಿಗೆ ಹೋಗಿ ಅರ್ಧದಿಂದ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಮಾಡಿಸಿ, ಅಂದರೆ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆಸಿ. ಒಳಗಿನ ತೇವ ಕುದಿದು ಹೊರಬರುವುದು ಆಗಲೇ. ಪಂಪ್ ನಿಲ್ಲಿಸಿದ ಮೇಲೆ ಹದಿನೈದು ನಿಮಿಷ ಗೇಜಿನ ಮುಳ್ಳು ಕದಲದಿರಬೇಕು. ಗ್ಯಾಸನ್ನು ಗೇಜ್ ನೋಡಿ ಅಂದಾಜಿನಲ್ಲಿ ಹಾಕಲು ಬಿಡಬೇಡಿ. ಚೀಟಿಯಲ್ಲಿ ಬರೆದಷ್ಟೇ ಗ್ರಾಂ, ತಕ್ಕಡಿಯಲ್ಲಿ ತೂಗಿ, ನಿಮ್ಮ ಕಣ್ಣೆದುರೇ ಹಾಕಿಸಿ. ಮನೆಗೆ ಬಂದು ಅದೇ ನಟ್ಟಿಗೆ ಇನ್ನೊಮ್ಮೆ ಸೋಪಿನ ನೀರು ಹಚ್ಚಿ, ಈ ಸಲ ಹತ್ತು ನಿಮಿಷ ಕಾಯಿರಿ.