ಮಳೆಗಾಲದ ಚಿಕ್ಕಮಗಳೂರಿನಲ್ಲಿ ರಂಧ್ರಭರಿತ ಆಕ್ಸೈಡ್ ಪದರದ ತೇವ ಅಳೆಯುವುದು

ಆಷಾಢದ ಚಿಕ್ಕಮಗಳೂರಿನಲ್ಲಿ ಮೇಜಿನ ಮೇಲೆ ತೆರೆದಿಟ್ಟ ಅಲ್ಯೂಮಿನಿಯಂ ಆಕ್ಸೈಡ್ ಪದರ ಒಣಗಿರುವುದೇ ಇಲ್ಲ. ಕಾಫಿ ಬೀಜದ ತೇವ ನೋಡುವ ಎಷ್ಟೋ ಮೀಟರುಗಳಂತೆ ಇಲ್ಲೂ ಅಳೆಯುವುದು ಕೆಪಾಸಿಟೆನ್ಸನ್ನೇ, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವನ್ನು; ನೀರು ಸೇರಿದಷ್ಟೂ ಅದು ಏರುತ್ತದೆ. ಒಣ ಸ್ಥಿತಿಯ ಮೊದಲ ಅಳತೆ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಪದರವನ್ನು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬಿಸಿಯಿರುವಾಗಲೇ ತೇವ ಹೀರುವ ನೀಲಿ ಸಿಲಿಕಾ ಜೆಲ್ ಇರುವ ಡೆಸಿಕೇಟರಿಗೆ (ಬಿಗಿಮುಚ್ಚಳದ ಒಣಪಾತ್ರೆಗೆ) ಹಾಕಿ. ಜೆಲ್ ಗುಲಾಬಿಯಾಗಿದ್ದರೆ ಮೊದಲು ಅದನ್ನು ಒಣಗಿಸಿ.

ಪದರ 10 ಮೈಕ್ರಾನ್ ದಪ್ಪವಿದ್ದು, ಮೇಲೆ 3 ಮಿ.ಮೀ. ವ್ಯಾಸದ ಚಿನ್ನದ ಎಲೆಕ್ಟ್ರೋಡ್ ಇದ್ದರೆ, ಒಣ ಕೆಪಾಸಿಟೆನ್ಸ್ ಸುಮಾರು 50 ಪಿಕೋಫ್ಯಾರಡ್. ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್! ಕೇಬಲನ್ನು ಅಳೆಯುವ ಜಾಗದಲ್ಲೇ ಬಿಟ್ಟು ಎಲ್‌ಸಿಆರ್ ಮೀಟರಿನ (ಕೆಪಾಸಿಟೆನ್ಸ್ ಅಳೆಯುವ ಉಪಕರಣದ) ಓಪನ್, ಶಾರ್ಟ್ ತಿದ್ದುಪಡಿ, ಅಂದರೆ ತುದಿಗಳನ್ನು ಬಿಡಿಸಿಟ್ಟು ಮತ್ತು ಜೋಡಿಸಿ ಕೇಬಲಿನ ಪಾಲನ್ನು ಕಳೆಯುವ ಕೆಲಸ, ಮಾಡಲೇಬೇಕು. ಚಿನ್ನ 15–20 ನ್ಯಾನೋಮೀಟರಿಗಿಂತ ದಪ್ಪವಾದರೆ ರಂಧ್ರಗಳ ಬಾಯಿ ಮುಚ್ಚುತ್ತದೆ. ಸಿಲ್ವರ್ ಪೇಸ್ಟ್ ಬೇಡ. ತೇವ ಮತ್ತು ಡಿಸಿ ವೋಲ್ಟೇಜ್ ಸೇರಿದರೆ ಬೆಳ್ಳಿ ಮೆಲ್ಲನೆ ಸರಿದು ಹೋಗಿ ಶಾರ್ಟ್ ಆಗುತ್ತದೆ. ಎಲೆಕ್ಟ್ರೋಡ್ ಸುತ್ತ, ಮೇಲ್ಮೈಯ ಸೋರಿಕೆ ಅಳತೆಗೆ ಸೇರದಂತೆ ತಡೆಯುವ ಗಾರ್ಡ್ ಉಂಗುರವಿರಲಿ. ಬೆರಳಚ್ಚಿನ ಉಪ್ಪೂ ಮೇಲ್ಮೈಯಲ್ಲಿ ಕರೆಂಟ್ ಸೋರಿಸುವುದರಿಂದ ಚಿಮಟದಲ್ಲೇ ಹಿಡಿಯಿರಿ.

ಅಳತೆ 1 ಕಿಲೋಹರ್ಟ್ಜ್ ಎಸಿಯಲ್ಲಿ, 0.5 ವೋಲ್ಟಿನಲ್ಲಿ. 100 ಹರ್ಟ್ಜ್ ಮತ್ತು 10 ಕಿಲೋಹರ್ಟ್ಜ್‌ನಲ್ಲೂ ಬರೆದುಕೊಳ್ಳಿ, ಲಾಸ್ ಫ್ಯಾಕ್ಟರ್ (ಪೋಲಾಗುವ ಶಕ್ತಿಯ ಅಳತೆ) ಸಮೇತ. ಕಡಿಮೆ ಆವರ್ತನದಲ್ಲಿ ಕೆಪಾಸಿಟೆನ್ಸ್ ಹತ್ತಾರು ಪಟ್ಟು ಏರಿದರೆ ಅದನ್ನೆಲ್ಲ ನೀರಿನ 80ರ ಡೈಎಲೆಕ್ಟ್ರಿಕ್ ಸ್ಥಿರಾಂಕದ ಲೆಕ್ಕಕ್ಕೆ ಹಾಕಬೇಡಿ. ನೀರಿನ ಪದರದಲ್ಲಿ ಪ್ರೋಟಾನುಗಳು ಓಡಾಡಿ ಎಲೆಕ್ಟ್ರೋಡ್ ಬಳಿ ಜಮೆಯಾಗುವುದರ ಫಲ ಅದು.

ಗೊತ್ತಾದ ಆರ್ದ್ರತೆಗೆ ಬಿಗಿಮುಚ್ಚಳದ ಗಾಜಿನ ಜಾಡಿಗಳು, ಪ್ರತಿಯೊಂದರ ತಳದಲ್ಲಿ ಒದ್ದೆ ಮರಳಿನಂತೆ ನೀರಿನಲ್ಲಿ ಕಲಸಿದ ಒಂದೊಂದು ಶುದ್ಧ ಉಪ್ಪು ಸಾಕು. 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ 11, ಮೆಗ್ನೀಸಿಯಂ ಕ್ಲೋರೈಡ್ 33, ಸೋಡಿಯಂ ಕ್ಲೋರೈಡ್ 75, ಪೊಟ್ಯಾಸಿಯಂ ಕ್ಲೋರೈಡ್ 84, ಪೊಟ್ಯಾಸಿಯಂ ಸಲ್ಫೇಟ್ 97 ಶೇಕಡಾ ಸಾಪೇಕ್ಷ ಆರ್ದ್ರತೆ ಕೊಡುತ್ತವೆ. ಕರಗದ ಹರಳು ಕಾಣುತ್ತಲೇ ಇರಬೇಕು. ಪದರ ಗಾಳಿಗಿಂತ ಒಂದೇ ಡಿಗ್ರಿ ಬೆಚ್ಚಗಿದ್ದರೂ 75ರ ಜಾಡಿಯಲ್ಲಿ ಅದಕ್ಕೆ ಸಿಗುವುದು ಸುಮಾರು 71.

ರಂಧ್ರದ ಗಾತ್ರ ಇಲ್ಲಿ ನಿರ್ಣಾಯಕ. ಯಾವ ಆರ್ದ್ರತೆಯಲ್ಲಿ ಎಷ್ಟು ಸಣ್ಣ ರಂಧ್ರದಲ್ಲಿ ಆವಿ ನೀರಾಗುತ್ತದೆಂದು ಹೇಳುವ ಕೆಲ್ವಿನ್ ಸಮೀಕರಣದ ಪ್ರಕಾರ 75 ಶೇಕಡಾದಲ್ಲಿ ನೀರು ತುಂಬುವುದು ಸುಮಾರು 3.6 ನ್ಯಾನೋಮೀಟರ್ ತ್ರಿಜ್ಯದವರೆಗಿನ ರಂಧ್ರಗಳಲ್ಲಿ ಮಾತ್ರ. ಆಕ್ಸಾಲಿಕ್ ಆಮ್ಲದಲ್ಲಿ 40 ವೋಲ್ಟಿಗೆ ಬೆಳೆಸಿದ ಪದರದ ರಂಧ್ರದ ವ್ಯಾಸ 35 ನ್ಯಾನೋಮೀಟರಿನ ಆಸುಪಾಸು. ಅದು ತುಂಬಲು ಸುಮಾರು 94 ಶೇಕಡಾ ಬೇಕು. ಅದಕ್ಕಿಂತ ಕೆಳಗೆ ಕಾಣುವ ಏರಿಕೆ ಗೋಡೆಗಂಟಿದ ತೆಳು ನೀರಿನದು.

ಪ್ರತಿ ಜಾಡಿಯಲ್ಲೂ ಹತ್ತು ನಿಮಿಷದಲ್ಲಿ ಬದಲಾವಣೆ ಶೇ. 1ಕ್ಕಿಂತ ಕಡಿಮೆಯಾದ ಮೇಲೆಯೇ ಬರೆದುಕೊಳ್ಳಿ. ಆರ್ದ್ರತೆ ಏರುವಾಗಲೂ ಇಳಿಯುವಾಗಲೂ ಅಳೆಯಿರಿ. ತುಂಬಿದ ರಂಧ್ರ ತಡವಾಗಿ ಖಾಲಿಯಾಗುವುದರಿಂದ ನಕ್ಷೆಯಲ್ಲಿ ಎರಡು ಗೆರೆಗಳು ಬೇರೆ ಬೇರೆ ಬರುತ್ತವೆ. 11ರ ಜಾಡಿಗೆ ಮರಳಿದಾಗ ಮೊದಲಿನ ಅಂಕಿ ಬಾರದಿದ್ದರೆ ಮತ್ತೆ 120 ಡಿಗ್ರಿಯಲ್ಲಿ ಒಣಗಿಸಿ ನೋಡಿ. ಆಗಲೂ ಬಾರದಿದ್ದರೆ ಆಕ್ಸೈಡ್ ನೀರಿನೊಡನೆ ಪ್ರತಿಕ್ರಿಯಿಸಿ ಹೈಡ್ರಾಕ್ಸೈಡ್ ಆಗತೊಡಗಿರಬಹುದು. ಆ ತುಣುಕನ್ನು ಬದಿಗಿಟ್ಟು ಹೊಸದನ್ನು ತೆಗೆದುಕೊಳ್ಳಿ.