ಮನೆಯ ಹಾಲ್ ನಡುವೆ ಹಳೇ ಚೀನೀ ಸ್ಕ್ರೀನ್: ಆರಿಸುವುದು, ನಿಲ್ಲಿಸುವುದು, ಕಾಪಾಡುವುದು ಹೇಗೆ?

ಹಳೇ ಚೀನೀ ಲ್ಯಾಕರ್ ಸ್ಕ್ರೀನ್ (ಮೆರುಗು ಹಚ್ಚಿದ ಮರದ ಹಲಗೆಗಳನ್ನು ಕೀಲಿನಿಂದ ಜೋಡಿಸಿದ, ಮಡಚಿ ನಿಲ್ಲಿಸುವ ಮರೆ) ತಂದು ಹಾಲನ್ನು ಎರಡು ಭಾಗ ಮಾಡಬೇಕು ಎಂದುಕೊಂಡವರು ಮೊದಲು ಓಡುವುದು ಅಂಗಡಿಗೆ, ಇಲ್ಲವೇ ಹರಾಜಿನ ವೆಬ್‌ಸೈಟಿಗೆ. ಮೊದಲು ಹೋಗಬೇಕಾದದ್ದು ನಿಮ್ಮ ಹಾಲಿಗೇ, ಕೈಯಲ್ಲಿ ಅಳತೆ ಟೇಪ್ ಹಿಡಿದುಕೊಂಡು. ಬಿಸಿಲು ಎಲ್ಲಿ ಬೀಳುತ್ತದೆ, ಎಸಿ ಗಾಳಿ ಯಾವ ಕಡೆ ಬೀಸುತ್ತದೆ, ಮಕ್ಕಳು ಯಾವ ದಾರಿಯಲ್ಲಿ ಓಡುತ್ತಾರೆ ಎಂದು ನೋಡಿಕೊಳ್ಳಿ. ಸ್ಕ್ರೀನಿಗೆ ಸರಿಯಾದ ಜಾಗ ಸಿಗದಿದ್ದರೆ ಎಷ್ಟು ಒಳ್ಳೆಯದನ್ನು ಕೊಂಡರೂ ದಂಡ.

ಏನು ಕೊಳ್ಳುತ್ತಿದ್ದೀರಿ?

ಅಂಗಡಿಯವರು ‘ಕೋರಮಂಡಲ್ ಸ್ಕ್ರೀನ್’ ಎಂದರೆ ನಮ್ಮ ಪೂರ್ವ ಕರಾವಳಿಯಲ್ಲಿ ಮಾಡಿದ್ದು ಎಂದುಕೊಳ್ಳಬೇಡಿ. ಮಾಡಿದ್ದು ಚೀನಾದಲ್ಲೇ. 17ನೇ ಶತಮಾನದ ಕೊನೆಯಲ್ಲಿ, ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ (1662–1722), ಇವು ಹಡಗು ಹತ್ತಿ ಯುರೋಪಿಗೆ ಹೋಗತೊಡಗಿದವು. ದಾರಿಯಲ್ಲಿ ಮದ್ರಾಸಿನಂಥ ಕೋರಮಂಡಲ ತೀರದ ಬಂದರುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಗಳು ಸರಕು ಇಳಿಸಿ ಏರಿಸುತ್ತಿದ್ದವು. ಹೆಸರು ಬಂದದ್ದು ಅಲ್ಲಿಂದ. ಜಾವಾದ ಬಾಂಟಂ ಬಂದರಿನ ಹೆಸರಿನಲ್ಲೂ ಇಂಗ್ಲಿಷರು ಇದನ್ನು ಕರೆಯುತ್ತಿದ್ದರು.

ಮಾಡುವ ಕೆಲಸ ಮಾತ್ರ ಭಾರೀ ತಾಳ್ಮೆಯದು. ಮೆದು ಮರದ ಹಲಗೆಗೆ ಬಟ್ಟೆ ಅಂಟಿಸುತ್ತಾರೆ. ಅದರ ಮೇಲೆ ನುಣ್ಣನೆಯ ಮಣ್ಣಿನ ಪುಡಿಯನ್ನು ಅಂಟಿನಲ್ಲೋ ಪ್ರಾಣಿರಕ್ತದಲ್ಲೋ ಕಲಸಿ ಬಳಿಯುತ್ತಾರೆ. ಆಮೇಲೆ ಕಪ್ಪು ಅಥವಾ ಕಡುಗಂದು ಲ್ಯಾಕರ್, ಪದರದ ಮೇಲೆ ಪದರ. ಅದು ಗಟ್ಟಿಯಾದ ಮೇಲೆ ಚಿತ್ರವನ್ನು ಕೆತ್ತಿ, ಗೆರೆಗಳನ್ನಷ್ಟೇ ಉಳಿಸಿ, ನಡುವಿನ ಗುಳಿಗಳಿಗೆ ಬಣ್ಣ ತುಂಬುತ್ತಾರೆ. ಹತ್ತಿರ ಹೋಗಿ ಚಿತ್ರದಲ್ಲಿರುವವರ ಅಂಗಿತೋಳಿನ ಒಂದು ಮಡಿಕೆ ನೋಡಿ. ಕಪ್ಪು ಗೆರೆ ಸಣ್ಣ ಬದುವಿನ ಹಾಗೆ ಎದ್ದು ನಿಂತಿರುತ್ತದೆ. ಹಸಿರು, ನೀಲಿ, ಬಿಳಿ ಬಣ್ಣಗಳು ಅದಕ್ಕಿಂತ ಒಂದು ಎಳೆ ಕೆಳಗಿರುತ್ತವೆ. ಬಿಳಿ ಸಾಮಾನ್ಯವಾಗಿ ಹಳದಿಗೆ ತಿರುಗಿರುತ್ತದೆ.

ಈ ಲ್ಯಾಕರ್ ಒಂದು ಮರದ ಸೊನೆ. ಆ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಗೇರು ಸೊನೆ ತಾಗಿ ಚರ್ಮ ಸುಟ್ಟುಕೊಂಡ ಕರಾವಳಿಯವರಿಗೆ ಹಸಿ ಲ್ಯಾಕರ್ ಯಾಕೆ ಮೈ ತುರಿಸುತ್ತದೆ ಎಂದು ಹೇಳಬೇಕಾಗಿಲ್ಲ. ಗಟ್ಟಿಯಾದ ಮೇಲೆ ಅಂಥ ತೊಂದರೆ ಇಲ್ಲ. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗು ಬೇರೆ, ಅದು ಕೀಟದಿಂದ ಬರುವುದು. ಹಾಗಾಗಿ ಮರಕ್ಕೆ ಪಾಲಿಶ್ ಹೊಡೆಯುವವರ ಸಲಹೆಯನ್ನು ಇಲ್ಲಿಗೆ ತರಬೇಡಿ.

ಅಂಗಡಿಯಲ್ಲಿ ಪರೀಕ್ಷೆ

ಮೊಬೈಲ್ ಟಾರ್ಚ್ ಸಾಕು. ಬೆಳಕನ್ನು ನೇರವಾಗಿ ಬಿಡದೆ, ಹಲಗೆಯ ಪಕ್ಕದಿಂದ ಓರೆಯಾಗಿ ಬಿಡಿ. ಮೇಲ್ಮೈ ಉಬ್ಬಿದ್ದರೆ, ಎದ್ದಿದ್ದರೆ ಆಗ ಕಾಣುತ್ತದೆ. ಮರದ ಎಳೆಯ ಉದ್ದಕ್ಕೂ, ಮೇಲಿಂದ ಕೆಳಗೆ ಸಣ್ಣ ಬಿರುಕುಗಳಿದ್ದರೆ ಗಾಬರಿ ಬೇಡ. ಮರ ನೂರಾರು ವರ್ಷ ಹಿಗ್ಗಿ ಕುಗ್ಗಿದ ಗುರುತು ಅದು. ಇನ್ನೂರು ವರ್ಷದ್ದು ಅಂತ ಹೇಳಿ ಒಂದೂ ಬಿರುಕು ತೋರಿಸದಿದ್ದರೆ ಮಾತ್ರ ಸಂಶಯ ಪಡಿ. ಹಲಗೆಯ ಕೆಳ ಅಂಚಿನಲ್ಲಿ ಪ್ಲೈವುಡ್ಡಿನ ಪದರ ಕಂಡರೆ ಅಲ್ಲಿಗೆ ಮುಗಿಯಿತು, ಅದು ಇತ್ತೀಚಿನದು.

ಆಮೇಲೆ ಹಿಂಬದಿ. ಹಳೆಯ ಸ್ಕ್ರೀನುಗಳಿಗೆ ಎರಡೂ ಮುಖದಲ್ಲಿ ಕೆಲಸ ಇರುವುದು ಮಾಮೂಲು. ದೊಡ್ಡ ಅಧಿಕಾರಿಗಳ ಹುಟ್ಟುಹಬ್ಬಕ್ಕೆ ಇವನ್ನು ಉಡುಗೊರೆ ಕೊಡುವ ಪದ್ಧತಿ ಇತ್ತು. ಅಂಥವುಗಳ ಹಿಂದೆ ಹಾರೈಕೆಯ ಬರಹ, ಕೆಲವೊಮ್ಮೆ ಇಸವಿಯೂ ಇರುತ್ತದೆ. ಕೋಣೆಯ ನಡುವೆ ನಿಲ್ಲಿಸುವವರಿಗೆ ಇದೇ ದೊಡ್ಡ ಲಾಭ. ಯಾವ ಕಡೆ ಕೂತರೂ ಬೆನ್ನು ನೋಡಿದ ಹಾಗಾಗುವುದಿಲ್ಲ. ಹಿಂದೆ ಬರೀ ಬೋಳು ಮರ ಕಂಡರೆ ದಪ್ಪ ಅಳೆದು ನೋಡಿ. ಯುರೋಪಿನಲ್ಲಿ ಒಂದು ಕಾಲಕ್ಕೆ ಈ ಹಲಗೆಗಳನ್ನು ಕತ್ತರಿಸಿ ಬೀರುವಿಗೆ ಹೊದಿಸಿದರು, ಗೋಡೆಗೆ ಜಡಿದರು. ಒಂದೇ ಹಲಗೆಯನ್ನು ದಪ್ಪದಲ್ಲಿ ಸೀಳಿ ಎರಡು ಮಾಡಿದ್ದೂ ಉಂಟು. ಸೀಳಿದ ಹಲಗೆ ಬೇಗ ಬಾಗುತ್ತದೆ. ನಾನಾದರೆ ಅದಕ್ಕೆ ಕೈ ಹಾಕುವುದಿಲ್ಲ.

ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚಿತ್ರ ಓದಿಕೊಂಡು ಹೋಗಿ. ಸುತ್ತಲಿನ ಅಂಚುಪಟ್ಟಿ ಎರಡೂ ಕೊನೆಯಲ್ಲಿ ಮುಚ್ಚಿಕೊಳ್ಳಬೇಕು. ಸೇತುವೆ ಅರ್ಧಕ್ಕೆ ನಿಂತಿದ್ದರೆ, ಕುದುರೆಗೆ ತಲೆ ಇಲ್ಲದಿದ್ದರೆ, ಹಲಗೆ ಕಳೆದುಹೋಗಿದೆ ಅಥವಾ ಅದಲು ಬದಲಾಗಿದೆ ಎಂದರ್ಥ. ಹಲಗೆಯ ಕೆಳಗೆ ನೆಲದ ಮೇಲೆ ಸಣ್ಣ ಹಿಟ್ಟಿನಂಥ ಪುಡಿ ಬಿದ್ದಿದೆಯಾ ಅಂತಲೂ ನೋಡಿ. ಇದ್ದರೆ ಒಳಗೆ ಹುಳ ಕೆಲಸ ಮಾಡುತ್ತಿದೆ.

ಮೇಲೆ ಕಲ್ಲಿನ, ಕಪ್ಪೆಚಿಪ್ಪಿನ ಗೊಂಬೆ ತುಂಡುಗಳನ್ನು ಅಂಟಿಸಿದ, ಆರಡಿ ಎತ್ತರದ ನಾಲ್ಕು ಹಲಗೆಯ ಸ್ಕ್ರೀನುಗಳು ಧಾರಾಳವಾಗಿ ಸಿಗುತ್ತವೆ. ಇವುಗಳಲ್ಲಿ ಬಹಳಷ್ಟು 20ನೇ ಶತಮಾನದಲ್ಲಿ ರಫ್ತಿಗೆಂದೇ ಮಾಡಿದವು. ಅದರಲ್ಲಿ ತಪ್ಪೇನಿಲ್ಲ. ನಿಜ ಹೇಳಬೇಕೆಂದರೆ, ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನನ್ನ ಸಲಹೆಯೂ ಇದೇ. ಬೆಲೆ ಮಾತ್ರ 20ನೇ ಶತಮಾನದ್ದೇ ಇರಲಿ.

ಅಳತೆ

ಕಾಂಗ್‌ಶಿ ಕಾಲದ ಪೂರ್ತಿ ಸ್ಕ್ರೀನ್ ಎಂದರೆ ಸಾಮಾನ್ಯವಾಗಿ 12 ಹಲಗೆ. ಎತ್ತರ ಸುಮಾರು ಎರಡೂವರೆ ಮೀಟರ್, ಒಂದೊಂದು ಹಲಗೆ ಹತ್ತಿರ ಹತ್ತಿರ ಅರ್ಧ ಮೀಟರ್ ಅಗಲ. ನಮ್ಮ ಮನೆಬಾಗಿಲಿನ ಎತ್ತರ ಏಳಡಿ, ಈ ಹಲಗೆ ಎಂಟಡಿ. ಓರೆ ಮಾಡಿ ಒಳಗೆ ತರಬಹುದು, ಆದರೆ ಲಿಫ್ಟಿನಲ್ಲಿ ಹಿಡಿಸುತ್ತದಾ? ಮೆಟ್ಟಿಲ ತಿರುವಿನಲ್ಲಿ? ಹಣ ಕೊಡುವ ಮೊದಲೇ ಅಳೆದುಕೊಳ್ಳಿ.

ಇನ್ನೊಂದು ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಸ್ಕ್ರೀನ್ ನಿಲ್ಲುವುದೇ ಅಂಕುಡೊಂಕಾಗಿ ಮಡಚಿದಾಗ. ಹಾಗಾಗಿ ಚಾಚಿದ ಅಗಲ ಪೂರ್ತಿ ನಿಮಗೆ ಸಿಗುವುದಿಲ್ಲ. 40 ಸೆಂ.ಮೀ.ನ ನಾಲ್ಕು ಹಲಗೆ ಚಾಚಿದರೆ 160 ಸೆಂ.ಮೀ. ಹಲಗೆಗಳ ನಡುವೆ 90 ಡಿಗ್ರಿ ಕೋನ ಬಿಟ್ಟು ನಿಲ್ಲಿಸಿದರೆ ಮುಚ್ಚುವುದು ಸುಮಾರು 113 ಸೆಂ.ಮೀ. ಮಾತ್ರ. 120 ಡಿಗ್ರಿಗೆ ಬಿಡಿಸಿದರೆ ಸುಮಾರು 139. ಇನ್ನೂ ಜಾಸ್ತಿ ಬಿಡಿಸುತ್ತಾ ಹೋದರೆ ಅಗಲ ಸಿಗುತ್ತದೆ, ಸ್ಥಿರತೆ ಹೋಗುತ್ತದೆ. ಮನೆಯಲ್ಲಿ ಬಿದ್ದಿರುವ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಅದೇ ಅಳತೆಗೆ ಕತ್ತರಿಸಿ, ಟೇಪ್ ಅಂಟಿಸಿ ಜಾಗದಲ್ಲಿ ಒಂದು ವಾರ ನಿಲ್ಲಿಸಿ ನೋಡಿ. ಅಡ್ಡ ಬರುತ್ತದೋ ಇಲ್ಲವೋ ಮನೆಯವರೇ ಹೇಳುತ್ತಾರೆ.

ನಿಲ್ಲಿಸುವುದು

ಇಬ್ಬರು ಬೇಕು. ಉಂಗುರ, ಬಳೆ, ವಾಚು ತೆಗೆದಿಡಿ. ಮಡಚಿದ ಸ್ಕ್ರೀನನ್ನು ಜಾಗಕ್ಕೆ ತಂದು ನಿಲ್ಲಿಸಿ, ಒಬ್ಬರು ಒಂದು ತುದಿ ಹಿಡಿದಿರಲಿ, ಇನ್ನೊಬ್ಬರು ಒಂದೊಂದೇ ಹಲಗೆ ಬಿಡಿಸಲಿ. ಹಲಗೆಯನ್ನು ನೆಲದ ಮೇಲೆ ಎಳೆಯಬೇಡಿ, ಸ್ವಲ್ಪ ಎತ್ತಿ ತಿರುಗಿಸಿ. ಎಳೆದರೆ ಮೊದಲು ಕಿತ್ತು ಬರುವುದು ಕೀಲು. ಟೈಲ್ಸ್ ಜಾರುತ್ತದೆ, ಆದ್ದರಿಂದ ಪಾದದ ಕೆಳಗೆ ಜಾರದಂಥ ತೆಳು ಹಾಸಿನ ತುಂಡು ಇಡಿ. ಅದನ್ನು ಮರಕ್ಕೆ ಅಂಟಿಸಬೇಡಿ. ನೆಲ ಒರೆಸುವ ಬಟ್ಟೆಯ ನೀರು ಪಾದಕ್ಕೆ ತಾಗದಿರಲಿ, ಎಲ್ಲಕ್ಕಿಂತ ಮೊದಲು ಕೊಳೆಯುವುದು ಅಲ್ಲೇ.

ಮಕ್ಕಳು, ನಾಯಿ ಇರುವ ಮನೆಯಾದರೆ ಸ್ಕ್ರೀನನ್ನು ಹಾಲಿನ ಮಧ್ಯಕ್ಕೆ ತರಬೇಡಿ. ಒಂದು ತುದಿ ಗೋಡೆಗೆ ತಾಗುವ ಹಾಗೆ, ಸೋಫಾದ ಹಿಂದೆ ನಿಲ್ಲಿಸಿ. ಪ್ಯಾರಿಸ್ಸಿನ ಫ್ಯಾಷನ್ ವಿನ್ಯಾಸಗಾರ್ತಿ ಕೊಕೊ ಶನೆಲ್‌ಗೆ ಈ ಸ್ಕ್ರೀನುಗಳೆಂದರೆ ಹುಚ್ಚು. ರೂ ಕಾಂಬೋನ್ ಎಂಬ ಬೀದಿಯ 31ನೇ ನಂಬರಿನ ಮನೆಯಲ್ಲಿ ಆಕೆ ಇವನ್ನು ಗೋಡೆಗೆ ಒರಗಿಸಿ, ಗೋಡೆಯೇ ಕಾಣದ ಹಾಗೆ ಹೊದಿಸಿದ್ದಳು. ಪಾರ್ಟಿಷನ್ ಸಾಧ್ಯವಿಲ್ಲದ ಮನೆಗೆ ಈ ಉಪಾಯವೂ ಆಗುತ್ತದೆ. ಆದರೆ ಮೊಳೆ ಹೊಡೆಯುವ ಆಸೆ ಬೇಡ.

ಬಿಸಿಲು, ಗಾಳಿ, ಧೂಳು

ಲ್ಯಾಕರಿಗೆ ನೀರಿಗಿಂತ ದೊಡ್ಡ ಶತ್ರು ಬಿಸಿಲು. ನೇರಳಾತೀತ ಕಿರಣ ಬೀಳುತ್ತಾ ಹೋದರೆ ಹೊಳಪು ಸತ್ತು, ಕಪ್ಪು ಕಂದಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಹಾಗಾದ ಮೇಲೆ ಒಂದು ಹನಿ ನೀರು ಬಿದ್ದರೂ ಕಲೆ ಉಳಿಯುತ್ತದೆ. ಬಾಲ್ಕನಿಯ ಗಾಜಿನ ಬಾಗಿಲ ಪಕ್ಕ ಇಡಲೇಬೇಡಿ. ಬೇರೆ ದಾರಿ ಇಲ್ಲದಿದ್ದರೆ ಗಾಜಿಗೆ ಯುವಿ ತಡೆಯುವ ಫಿಲ್ಮ್ ಹಾಕಿಸಿ, ದಪ್ಪ ಕರ್ಟನ್ ಎಳೆಯಿರಿ.

ಗಾಳಿಯ ತೇವ 50ರಿಂದ 60 ಶೇಕಡಾ ಇದ್ದರೆ ಚೆನ್ನ. ಅದಕ್ಕಿಂತ ಮುಖ್ಯ, ಅದು ದಿಢೀರನೆ ಏರಿಳಿಯಬಾರದು. ಮಂಗಳೂರಿನ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಎಸಿ ಹಾಕಿದ ಕೂಡಲೇ ಒಣಗಿ ಕುಗ್ಗುತ್ತದೆ. ಮೇಲಿನ ಲ್ಯಾಕರ್ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ, ಎದ್ದು ಬರುತ್ತದೆ. ಎಸಿ ಗಾಳಿ ನೇರ ಬೀಸದ ಮೂಲೆ ಹುಡುಕಿ. ದೇವರ ಮನೆ ಮುಂದೆ ಮರೆಗೆಂದು ಇಡುವವರು ದೀಪದ ಮಸಿ, ಊದುಬತ್ತಿಯ ಹೊಗೆ ನೆನಪಿಟ್ಟುಕೊಳ್ಳಿ.

ಧೂಳಿಗೆ ಮೇಕೆ ಕೂದಲಿನಂಥ ಮೆತ್ತನೆಯ ಒಣ ಬ್ರಷ್ ಸಾಕು. ಬಟ್ಟೆ ಬೇಡ, ಎದ್ದ ಚೂರಿಗೆ ಅದರ ಎಳೆ ಸಿಕ್ಕಿಕೊಂಡು ಕಿತ್ತುಬಿಡುತ್ತದೆ. ಒದ್ದೆ ಬಟ್ಟೆ, ಗಾಜು ಒರೆಸುವ ಸ್ಪ್ರೇ, ಫರ್ನಿಚರ್ ಪಾಲಿಶ್ ಯಾವುದೂ ಬೇಡ. ಹೊಳಪಿಗೆ ತೆಂಗಿನೆಣ್ಣೆ ಸವರುವವರೂ ಇದ್ದಾರೆ. ಎಣ್ಣೆ ಬಿರುಕಿನೊಳಗೆ ಇಳಿದು ಧೂಳು ಹಿಡಿದರೆ ಮತ್ತೆ ತೆಗೆಯಲು ತಜ್ಞರಿಗೂ ಕಷ್ಟ. ಚೂರು ಕಿತ್ತು ಬಿದ್ದರೆ ಗೋಂದು ಹಾಕಿ ಅಂಟಿಸಬೇಡಿ. ಒಂದು ಕಾಗದದ ಕವರಿನಲ್ಲಿ ಹಾಕಿ, ಯಾವ ಹಲಗೆ, ಎಲ್ಲಿಂದ ಬಿತ್ತು ಎಂದು ಬರೆದಿಡಿ. ರಿಪೇರಿ ಮಾಡುವವರಿಗೆ ಅದೇ ಚೂರು ಬೇಕು. ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇದೆ, ಬಡಗಿಯನ್ನು ಕರೆಯುವ ಮೊದಲು ಅಲ್ಲಿ ಕೇಳಿ. ಹುಳದ ಗುರುತು ಕಂಡರೂ ಔಷಧಿ ಸಿಂಪಡಿಸುವವರನ್ನು ಇದರ ಹತ್ತಿರ ಬಿಡಬೇಡಿ.

ವಿದೇಶಕ್ಕೆ ಮನೆ ಬದಲಿಸುವ ಯೋಚನೆ ಇದ್ದರೆ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಸ್ಕ್ರೀನ್ ಹೊಸದಾದರೆ, ಅದು ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಳ್ಳಿ, ಕೊಂಡ ರಸೀದಿಯನ್ನೂ ಎಸೆಯಬೇಡಿ. ಊರೊಳಗೇ ಸಾಗಿಸುವುದಾದರೆ ಹಲಗೆಗಳ ನಡುವೆ ಆಮ್ಲರಹಿತ ಟಿಶ್ಯೂ ಕಾಗದ ಇಟ್ಟು, ಹೊರಗಿನಿಂದ ಹಳೇ ಕಂಬಳಿ ಸುತ್ತಿ, ನಿಂತ ಹಾಗೇ ಸಾಗಿಸಿ. ಬಬಲ್ ರ‍್ಯಾಪನ್ನು ಲ್ಯಾಕರಿಗೆ ನೇರ ಸುತ್ತಿದರೆ ಅದರ ಗುಳ್ಳೆಗಳ ಅಚ್ಚು ಮೇಲ್ಮೈ ಮೇಲೆ ಉಳಿದುಬಿಡಬಹುದು.